ಓಟಗಾರರ ಕಾಲಿನ ಬೊಬ್ಬೆ: ಒಡೆಯಬೇಕೆ, ಬಿಡಬೇಕೆ?

ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಿದ ಪುರುಷ ಅಭ್ಯರ್ಥಿ ದೈಹಿಕ ಪರೀಕ್ಷೆಯಲ್ಲಿ 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಅದಕ್ಕಾಗಿ ಎರಡು ತಿಂಗಳಿಂದ ಬೆಳಗಿನ ಜಾವ ಎದ್ದು ಊರ ಹೊರಗಿನ ರಸ್ತೆಯಲ್ಲಿ ಓಡುತ್ತಿದ್ದ ಯುವಕನೊಬ್ಬ, ಪರೀಕ್ಷೆಗೆ ಇನ್ನು ನಾಲ್ಕೇ ದಿನ ಇರುವಾಗ ಕುಂಟುತ್ತ ನನ್ನ ಬಳಿ ಬಂದ. ಜತೆಯಲ್ಲಿ ತಂದೆ ತಾಯಿ ಇಬ್ಬರೂ ಇದ್ದರು. ಅಷ್ಟು ದಿನ ಹಳೆಯ ಕ್ಯಾನ್ವಾಸ್ ಬೂಟಿನಲ್ಲಿ ಓಡಿದ್ದ ಮಗನಿಗೆ, ಪರೀಕ್ಷೆಗೆ ಇರಲಿ ಎಂದು ಹೊಸ ಬೂಟು ಕೊಡಿಸಿದ್ದರು. ಹುಡುಗ ಅದನ್ನು ಹಾಕಿಕೊಂಡು ಓಡಿದ್ದು ಒಂದೇ ದಿನ. ಬಲಗಾಲ ಹಿಮ್ಮಡಿಯ ಹಿಂದೆ ರೂಪಾಯಿ ನಾಣ್ಯದಷ್ಟು ಅಗಲದ ಬೊಬ್ಬೆ ಎದ್ದಿತ್ತು. ಗೆಳೆಯನೊಬ್ಬ ಬ್ಲೇಡಿನಿಂದ ಅದನ್ನು ಕೊಯ್ದು, ಮೇಲಿನ ಚರ್ಮವನ್ನು ಪೂರಾ ಸುಲಿದು ಹಾಕಿದ್ದ. ಸಾಲದ್ದಕ್ಕೆ ತಂಪಾಗಲೆಂದು ಹಲ್ಲುಜ್ಜುವ ಪೇಸ್ಟ್ ಬೇರೆ ಮೆತ್ತಿದ್ದರು.

“ಸಾರ್, ನಾಲ್ಕು ದಿನದಲ್ಲಿ ವಾಸಿ ಆಗುತ್ತಲ್ವಾ?” ಎಂದು ತಾಯಿ ಕೇಳಿದರು. ಚರ್ಮ ಹಾಗೇ ಉಳಿದಿದ್ದರೆ ಧೈರ್ಯವಾಗಿ ಹೌದು ಎನ್ನಬಹುದಿತ್ತು.

ಬೊಬ್ಬೆ, ಬೊಕ್ಕೆ, ನೀರುಗುಳ್ಳೆ ಎಂದು ಒಂದೊಂದು ಕಡೆ ಒಂದೊಂದು ಹೆಸರಿನಿಂದ ಕರೆಯುವ ಈ ತೊಂದರೆಯನ್ನು ಅನುಭವಿಸದ ಓಟಗಾರನಿಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟದಂಥ ಸ್ಪರ್ಧೆಗಳಿಗೆ ಸಿದ್ಧರಾಗುವವರಿಗೂ, ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಹೋಗುವ ಭಕ್ತರಿಗೂ ಇದು ಒಂದೇ. ಬೂಟು ಚರ್ಮವನ್ನು ಮೇಲಿನಿಂದ ಉಜ್ಜಿ ಉಜ್ಜಿ ಬೊಬ್ಬೆ ಬರಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೆ ಉಜ್ಜಿದರೆ ಆಗುವುದು ತರಚುಗಾಯ. ಬೊಬ್ಬೆ ಹುಟ್ಟುವುದು ಚರ್ಮದ ಒಳಗೆ.

ನಿಮ್ಮ ಎಡಗೈ ಹಿಂಭಾಗದ ಮೇಲೆ ಬಲಗೈ ಬೆರಳನ್ನು ಒತ್ತಿ ಹಿಂದಕ್ಕೂ ಮುಂದಕ್ಕೂ ಆಡಿಸಿ ನೋಡಿ. ಬೆರಳು ಚರ್ಮದ ಮೇಲೆ ಜಾರುವುದಿಲ್ಲ. ಚರ್ಮವೇ ಬೆರಳಿನ ಜತೆ ಓಲಾಡುತ್ತದೆ. ಆದರೆ ಕೆಳಗಿನ ಮೂಳೆ ಇದ್ದಲ್ಲೇ ಇರುತ್ತದೆ. ಓಡುವಾಗಲೂ ಹೀಗೆಯೇ. ಬೂಟು, ಕಾಲುಚೀಲಗಳಿಗೆ ಅಂಟಿಕೊಂಡ ಹೊರಚರ್ಮ ಒಂದೆಡೆ ನಿಲ್ಲುತ್ತದೆ, ಒಳಗಿನ ಮೂಳೆ ಇನ್ನೊಂದೆಡೆಗೆ ಸರಿಯುತ್ತದೆ. ನಡುವಿನ ಪದರಗಳು ಎಳೆತಕ್ಕೆ ಸಿಕ್ಕುತ್ತವೆ. ಹತ್ತು ಕಿಲೋಮೀಟರ್ ಓಟದಲ್ಲಿ ಒಂದೊಂದು ಪಾದವೂ ನಾಲ್ಕೈದು ಸಾವಿರ ಸಲ ನೆಲಕ್ಕೆ ಬೀಳುತ್ತದೆ. ಅಷ್ಟು ಸಲ ಎಳೆದಾಡಿದರೆ ಹೊರಚರ್ಮದ ನಡುಪದರದ ಜೀವಕೋಶಗಳು ಒಂದನ್ನೊಂದು ಬಿಟ್ಟು ಸೀಳುತ್ತವೆ. ಆ ಸೀಳಿನೊಳಕ್ಕೆ ಸುತ್ತಲಿನ ಅಂಗಾಂಶದಿಂದ ನೀರು ಜಿನುಗಿ ತುಂಬಿಕೊಳ್ಳುತ್ತದೆ. ಅಂಗೈ, ಅಂಗಾಲು, ಹಿಮ್ಮಡಿಗಳ ಚರ್ಮ ದಪ್ಪವಾಗಿರುವುದರಿಂದ ಮೇಲುಹೊದಿಕೆ ಹರಿಯದೆ ಹಾಗೇ ಉಬ್ಬಿ ನಿಲ್ಲುತ್ತದೆ. ಹೊಸದಾಗಿ ಗುದ್ದಲಿ ಹಿಡಿದವನ ಅಂಗೈಗೆ ಬೊಬ್ಬೆ ಬರುವುದೂ ಇದೇ ಕಾರಣದಿಂದ. ದಿನಾ ಹಿಡಿಯುವವನ ಕೈ ಜಡ್ಡುಗಟ್ಟಿರುತ್ತದೆ.

ಒಳಗಿರುವುದು ‘ಕೆಟ್ಟ ನೀರು’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹೊಸ ಬೊಬ್ಬೆಯ ನೀರು ಕೀವಲ್ಲ, ವಿಷವಲ್ಲ. ರಕ್ತದ ತಿಳಿಯನ್ನೇ ಹೋಲುವ, ಅದಕ್ಕಿಂತ ಪ್ರೋಟೀನು ಕಡಿಮೆಯಿರುವ ಶುದ್ಧ ದ್ರವ. ಅದರ ಮೇಲಿನ ಚರ್ಮ ದೇಹವೇ ಕಟ್ಟಿಕೊಂಡ ಬ್ಯಾಂಡೇಜು. ಅದರ ಆಸರೆಯಲ್ಲಿ ಒಂದು ದಿನದೊಳಗೆ ತಳದ ಜೀವಕೋಶಗಳು ಚುರುಕಾಗಿ ಒಡೆದು ಹೆಚ್ಚತೊಡಗುತ್ತವೆ. ಸುಮಾರು ಐದು ದಿನಗಳಲ್ಲಿ ಹೊಸ ಮೇಲುಪದರ ಬಂದಿರುತ್ತದೆ. ಆ ಹೊದಿಕೆಯನ್ನು ಕಿತ್ತೆಸೆದರೆ ನೋವು ಹೆಚ್ಚು, ಸೋಂಕಿಗೆ ದಾರಿ, ವಾಸಿಯಾಗುವುದೂ ತಡ.

ಒಡೆಯುವುದೇ ಆದರೆ

ಬಟಾಣಿ ಕಾಳಿಗಿಂತ ದೊಡ್ಡದಲ್ಲದ, ನಡೆಯುವಾಗ ಅಷ್ಟಾಗಿ ನೋಯದ ಬೊಬ್ಬೆಯನ್ನು ಮುಟ್ಟಬೇಡಿ. ಮೇಲೊಂದು ಪಟ್ಟಿ ಅಂಟಿಸಿ, ಒತ್ತದ ಚಪ್ಪಲಿ ಹಾಕಿಕೊಳ್ಳಿ. ನೀರು ತಾನಾಗಿ ಇಂಗುತ್ತದೆ. ಬಿಗಿಯಾಗಿ ಉಬ್ಬಿ, ಹೆಜ್ಜೆ ಊರಲು ಬಿಡದ ದೊಡ್ಡ ಬೊಬ್ಬೆಯಾದರೆ ನೀರನ್ನು ಮಾತ್ರ ತೆಗೆಯಬೇಕು, ಚರ್ಮವನ್ನಲ್ಲ. ಮೊದಲು ಕೈಯನ್ನೂ ಕಾಲನ್ನೂ ಸೋಪು ಹಚ್ಚಿ ತೊಳೆಯಿರಿ. ಬೊಬ್ಬೆಯ ಮೇಲೆ, ಸುತ್ತಮುತ್ತ ಪೊವಿಡೋನ್ ಅಯೋಡಿನ್ ದ್ರಾವಣ ಹಚ್ಚಿ. ಔಷಧಿ ಅಂಗಡಿಯಲ್ಲಿ ಸಿಗುವ, ಪೊಟ್ಟಣದಲ್ಲಿ ಮುಚ್ಚಿಟ್ಟ ಇಂಜೆಕ್ಷನ್ ಸೂಜಿ ಇದಕ್ಕೆ ಉತ್ತಮ. ಮನೆಯ ಹೊಲಿಗೆ ಸೂಜಿಯನ್ನು ಒಲೆಯ ಉರಿಗೆ ಹಿಡಿದು ಕರಿ ಹಿಡಿಸಿ ಚುಚ್ಚುವುದು ಬೇಡ. ಬೊಬ್ಬೆಯ ಅಂಚಿನಲ್ಲಿ, ಆದಷ್ಟು ಕೆಳಭಾಗದಲ್ಲಿ, ಎರಡು ಮೂರು ಕಡೆ ಚುಚ್ಚಿ. ಶುದ್ಧವಾದ ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿದರೆ ನೀರು ಹೊರಬಂದು ಚರ್ಮ ಕೆಳಗೆ ಕೂರುತ್ತದೆ. ಆಮೇಲೆ ಸ್ವಲ್ಪ ವ್ಯಾಸಲೀನ್ ಸವರಿ ಪಟ್ಟಿ ಕಟ್ಟಿ. ಕೆಲವು ಗಂಟೆಗಳಲ್ಲಿ ಮತ್ತೆ ನೀರು ತುಂಬುವುದು ಸಾಮಾನ್ಯ. ಮೊದಲ ದಿನ ಎರಡು ಮೂರು ಸಲ ಹೀಗೆ ತೆಗೆಯಬೇಕಾಗಬಹುದು. ಪ್ರತಿ ಸಲವೂ ಹೊಸ ಸೂಜಿ.

ದೂರ ನಡೆಯುವವರಲ್ಲಿ ಇನ್ನೊಂದು ಅಭ್ಯಾಸ ಇದೆ. ಸೂಜಿ ದಾರ ಪೋಣಿಸಿ ಬೊಬ್ಬೆಯ ಈ ಕಡೆಯಿಂದ ಆ ಕಡೆಗೆ ಹಾಯಿಸಿ, ದಾರವನ್ನು ಒಳಗೇ ಬಿಡುತ್ತಾರೆ. ನೀರು ಸೋರಿಹೋಗುವುದೇನೋ ನಿಜ. ಆದರೆ ಅದೇ ದಾರ ಹಿಡಿದು ರಸ್ತೆಯ ಕೊಳೆಯೂ ಒಳಗೆ ಇಳಿಯುತ್ತದೆ. ರಕ್ತ ತುಂಬಿ ಕಪ್ಪಗಾದ ಬೊಬ್ಬೆಯನ್ನೂ, ಬಿಸಿಲಲ್ಲಿ ಕಾದ ಟಾರು ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿ ಸುಟ್ಟು ಬಂದ ಬೊಬ್ಬೆಯನ್ನೂ ಮನೆಯಲ್ಲಿ ಚುಚ್ಚಬಾರದು.

ತಾನಾಗಿ ಒಡೆದುಹೋಗಿದ್ದರೆ ಶುದ್ಧ ನೀರಿನಲ್ಲಿ ತೊಳೆದು, ಉಳಿದ ಚರ್ಮವನ್ನು ಗಾಯದ ಮೇಲೆ ಹರಡಿ ಕೂರಿಸಿ. ಗಾಯಕ್ಕೆ ಅಂಟದ ವ್ಯಾಸಲೀನ್ ಗಾಜ್ ಇಟ್ಟು ಕಟ್ಟಿ. ಪೇಸ್ಟು, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಮುಚ್ಚಿರುವ ಬೊಬ್ಬೆಗೆ ಬೇಡ. ಒಡೆದು ಮಣ್ಣು, ಸಗಣಿ ತಾಗಿದ್ದು, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ಹಾಕಿಸಿಕೊಳ್ಳುವುದು ಕ್ಷೇಮ.

ಬರದಂತೆ ತಡೆಯುವುದು

ಪತ್ರಿಕೆಯ ಹಾಳೆ ತಿರುವಲು ಬೆರಳನ್ನು ತುಸು ಒದ್ದೆ ಮಾಡಿಕೊಳ್ಳುತ್ತೇವೆ. ಒದ್ದೆ ಬೆರಳಿಗೆ ಹಾಳೆ ಅಂಟುತ್ತದೆ. ಬೆವರಿದ ಕಾಲಿಗೆ ಕಾಲುಚೀಲ ಅಂಟುವುದೂ ಹಾಗೆಯೇ. ನಮ್ಮಲ್ಲಿ ಹತ್ತಿಯ ಕಾಲುಚೀಲವೇ ಶ್ರೇಷ್ಠ ಎಂಬ ಭಾವನೆ ಇದೆ. ಮನೆಯಲ್ಲಿ, ಆಫೀಸಿನಲ್ಲಿ ಅದು ಸರಿ. ಓಟಕ್ಕೆ ಹಾಗಲ್ಲ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. 1990ರಲ್ಲಿ ಅಮೆರಿಕದಲ್ಲಿ 35 ಮಂದಿ ದೂರದ ಓಟಗಾರರ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ದಪ್ಪನೆಯ ಅಕ್ರಿಲಿಕ್ ಕಾಲುಚೀಲ ತೊಟ್ಟಾಗ ಬಂದದ್ದಕ್ಕಿಂತ ಎರಡು ಪಟ್ಟು ಬೊಬ್ಬೆಗಳು ಹತ್ತಿಯ ಕಾಲುಚೀಲದಲ್ಲಿ ಬಂದವು. ಗಾತ್ರವೂ ಮೂರು ಪಟ್ಟಿತ್ತು. ತೆಳ್ಳನೆಯ ನೈಲಾನ್ ಕಾಲುಚೀಲ ಹಾಕಿ, ಅದರ ಮೇಲೆ ದಪ್ಪನೆಯದೊಂದನ್ನು ತೊಡುವುದೂ ಒಳ್ಳೆಯ ಉಪಾಯ. ಆಗ ಎಳೆತವೆಲ್ಲ ಎರಡು ಬಟ್ಟೆಗಳ ನಡುವೆ ಕಳೆಯುತ್ತದೆ, ಚರ್ಮಕ್ಕೆ ಬರುವುದಿಲ್ಲ.

ಬೂಟನ್ನು ಸಂಜೆ ಹೊತ್ತು ಕೊಳ್ಳಿ. ದಿನವೆಲ್ಲ ಓಡಾಡಿದ ಪಾದ ಬೆಳಗಿನದಕ್ಕಿಂತ ಕೊಂಚ ಊದಿರುತ್ತದೆ. ಬೆರಳ ತುದಿಗೂ ಬೂಟಿನ ಮೂತಿಗೂ ನಡುವೆ ಹೆಬ್ಬೆರಳಿನಷ್ಟು ಜಾಗವಿರಲಿ, ಹಿಮ್ಮಡಿ ಮಾತ್ರ ಏಳದಂತೆ ಹಿಡಿದಿರಬೇಕು. ಹೊಸದನ್ನು ಮೊದಲು ಮನೆಯೊಳಗೆ, ಆಮೇಲೆ ಬೀದಿಯ ತುದಿಯವರೆಗೆ, ಹೀಗೆ ಒಂದೆರಡು ವಾರ ಪಳಗಿಸಬೇಕು. ನಮ್ಮ ಹಿರಿಯರು ಹೊಸ ಚರ್ಮದ ಚಪ್ಪಲಿಗೆ ಹರಳೆಣ್ಣೆ ಹಚ್ಚಿ ಎರಡು ದಿನ ಇಟ್ಟು ಮೆಟ್ಟುತ್ತಿದ್ದುದು ಅರ್ಥವಿಲ್ಲದ ರೂಢಿಯಲ್ಲ. ಎಣ್ಣೆ ಕುಡಿದ ಚರ್ಮ ಮೆತ್ತಗಾಗುತ್ತದೆ. ಈಗಿನ ಬಟ್ಟೆ, ರಬ್ಬರಿನ ಬೂಟಿಗೆ ಅದು ನಡೆಯದು. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸಿನ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ ಗೆದ್ದ. ಅಲ್ಲಿ ಸಿಕ್ಕ ಹೊಸ ಬೂಟು ಅವನಿಗೆ ಸರಿಹೊಂದಲಿಲ್ಲ ಎನ್ನುತ್ತಾರೆ. ಹಾಗೆಂದು ನಾಳೆಯೇ ಬೂಟು ಬಿಚ್ಚಿ ಹೊರಡಬೇಡಿ. ಅವನದು ಬರಿಗಾಲಿನಲ್ಲಿ ಓಡಿ ಪಳಗಿದ ಪಾದ.

ಬೊಬ್ಬೆ ಏಳುವ ಮೊದಲು ಆ ಜಾಗ ಬಿಸಿಯಾಗಿ ಚುರುಗುಟ್ಟುತ್ತದೆ. ನಿಲ್ಲಬೇಕಾದ ಹೊತ್ತು ಅದೇ. ಔಷಧಿ ಅಂಗಡಿಯಲ್ಲಿ ಮೈಕ್ರೋಪೋರ್ ಎಂದು ಕೇಳಿದರೆ ಕೊಡುವ ಕಾಗದದಂಥ ತೆಳ್ಳನೆಯ ಟೇಪನ್ನು ಸುಕ್ಕಿಲ್ಲದಂತೆ ಅಲ್ಲಿಗೆ ಅಂಟಿಸಿ. 2014ರಲ್ಲಿ, 250 ಕಿಲೋಮೀಟರಿನ ಮರುಭೂಮಿ ಓಟಗಳಲ್ಲಿ 128 ಓಟಗಾರರ ಕಾಲಿಗೆ ಮೊದಲೇ ಈ ಟೇಪು ಅಂಟಿಸಿ ನೋಡಿದಾಗ, ಬೊಬ್ಬೆ ಶೇಕಡ 40ರಷ್ಟು ಕಡಿಮೆಯಾಯಿತು. ಇಷ್ಟು ಅಗ್ಗದ ಉಪಾಯ ಬೇರೆ ಇಲ್ಲ. ವ್ಯಾಸಲೀನ್ ಸವರಿಕೊಂಡು ಓಡುವವರೂ ಇದ್ದಾರೆ. ಮೊದಮೊದಲು ಜಾರುತ್ತದೆ, ಹೊತ್ತು ಕಳೆದಂತೆ ಅಂಟು ಹೆಚ್ಚುತ್ತದೆ. ಚಿಕ್ಕ ಓಟಕ್ಕೆ ಸಾಕು. ಬೆವರು ತಡೆಯುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವನ್ನು ಅಮೆರಿಕದ ಸೈನಿಕ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 1998ರಲ್ಲಿ ವರದಿ ಮಾಡಿದರು. 21 ಕಿಲೋಮೀಟರ್ ನಡಿಗೆಯಲ್ಲಿ ಬೊಬ್ಬೆ ಬಂದವರು ಶೇಕಡ 48ರಿಂದ 21ಕ್ಕೆ ಇಳಿದರು. ಆದರೆ ಹಚ್ಚಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಚರ್ಮ ಕೆರೆದು ಉರಿಯಿತು. ನಾನಂತೂ ಬರೆದುಕೊಡುವುದಿಲ್ಲ.

ನೋಯದ ಬೊಬ್ಬೆ

ನಮ್ಮ ಹುಡುಗನ ಗಾಯಕ್ಕೆ ಗಾಜ್ ಇಟ್ಟು, ಟೇಪು ಸುತ್ತಿ, ಹಳೆಯ ಕ್ಯಾನ್ವಾಸ್ ಬೂಟಿನಲ್ಲೇ ಓಡು ಎಂದು ಕಳುಹಿಸಿದೆ. ಹಲ್ಲು ಕಚ್ಚಿ ಓಡಿ ಪಾಸಾದ. ಕತೆ ಮುಗಿಯಿತು ಎಂದುಕೊಂಡಿದ್ದೆ. ಎರಡು ತಿಂಗಳ ಮೇಲೆ ಅದೇ ತಾಯಿ ಮತ್ತೆ ಬಂದರು. ಈ ಸಲ ಕಾಲು ಅವರ ಯಜಮಾನರದು.

ಯಜಮಾನರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ದಿನಾ ನಡೆಯಿರಿ ಎಂದು ಹೇಳಿದವನು ನಾನೇ. ಮಗನಿಗೆ ಕಚ್ಚಿದ ಬೂಟು ಮೂಲೆಯಲ್ಲಿ ದಂಡವಾಗಿ ಬಿದ್ದಿದೆಯಲ್ಲ ಎಂದು ಅವರು ಅದನ್ನೇ ಹಾಕಿಕೊಂಡು ಬೆಳಗಿನ ಹೊತ್ತು ನಡೆಯತೊಡಗಿದ್ದರು. ಕಿರುಬೆರಳ ಬುಡದಲ್ಲಿ ಬೊಬ್ಬೆ ಎದ್ದು, ಒಡೆದು, ಕೀವಾಗಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ನೆಲದ ಮೇಲೆ ಒದ್ದೆ ಹೆಜ್ಜೆಯ ಗುರುತು ಕಂಡು ಹೆಂಡತಿ ಕೇಳಿದ ಮೇಲೇ ಕಾಲು ತಿರುಗಿಸಿ ನೋಡಿಕೊಂಡದ್ದು. “ನೋವೇ ಇಲ್ಲ ಡಾಕ್ಟ್ರೇ, ಏನೂ ಆಗಿಲ್ಲ” ಎಂದು ನಗುತ್ತಲೇ ಹೇಳಿದರು.

ಮಗನಿಗೆ ನೋವು ಇದ್ದದ್ದರಿಂದ ಒಂದೇ ದಿನದಲ್ಲಿ ಬೂಟು ಬಿಚ್ಚಿದ. ತಂದೆಗೆ ನೋವಿಲ್ಲದ್ದರಿಂದ ದಿನಾ ತೊಟ್ಟರು. ಬಹುಕಾಲದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಬೆರಳ ತುದಿಯಿಂದಲೇ ಮಂಕಾಗಿಸುತ್ತ ಬರುತ್ತದೆ. ರಕ್ತದ ಹರಿವೂ ಕಡಿಮೆಯಾಗಿರುತ್ತದೆ, ಸೋಂಕು ಬೇಗ ಹರಡುತ್ತದೆ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಕುಷ್ಠರೋಗಿಗಳ ಪಾದ ಹುಣ್ಣಾಗುವುದು ಮಾಂಸ ಕೊಳೆತು ಅಲ್ಲ, ಸ್ಪರ್ಶಜ್ಞಾನವಿಲ್ಲದ ಕಾಲು ಒತ್ತಡವನ್ನೂ ಪೆಟ್ಟನ್ನೂ ಅರಿಯದೆ ತಿನ್ನುತ್ತಿರುವುದರಿಂದ ಎಂದು ತೋರಿಸಿದರು. ಅಂಥ ಕಾಲುಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿಯನ್ನೇ ಇಂದು ಸಕ್ಕರೆ ಕಾಯಿಲೆಯವರಿಗೂ ಬರೆದುಕೊಡುತ್ತೇವೆ. ಇಂಥವರು ಬೊಬ್ಬೆಯನ್ನು, ಎಷ್ಟೇ ಚಿಕ್ಕದಿರಲಿ, ತಾವೇ ಚುಚ್ಚಬಾರದು. ಆ ದಿನವೇ ವೈದ್ಯರಿಗೆ ತೋರಿಸಬೇಕು.

ಉಳಿದವರೂ ಕೆಲವು ಚಿಹ್ನೆಗಳನ್ನು ಕಂಡೊಡನೆ ಹೊರಡಬೇಕು: ಬೊಬ್ಬೆಯ ಸುತ್ತ ಕೆಂಪು ಹರಡುತ್ತ ಹೋಗುವುದು, ನೀರು ಹಳದಿ ಹಸಿರಿನ ಕೀವಾಗುವುದು, ಕಾಲಿನ ಮೇಲೆ ಕೆಂಪು ಗೆರೆ ಏರುವುದು, ತೊಡೆಸಂದಿನಲ್ಲಿ ಗಂಟು ಕಟ್ಟಿ ನೋಯುವುದು, ಚಳಿಜ್ವರ. ಅಮೆರಿಕದ ಅಧ್ಯಕ್ಷರಾಗಿದ್ದ ಕ್ಯಾಲ್ವಿನ್ ಕೂಲಿಜ್ ಅವರ 16 ವರ್ಷದ ಕಿರಿಯ ಮಗ 1924ರ ಜೂನ್ 30ರಂದು ಕಾಲುಚೀಲವಿಲ್ಲದೆ ಬೂಟು ತೊಟ್ಟು ಟೆನಿಸ್ ಆಡಿದ. ಕಾಲ್ಬೆರಳಿಗೆ ಬೊಬ್ಬೆ ಬಂತು. ಅದು ನಂಜಾಗಿ ರಕ್ತಕ್ಕೆ ಸೇರಿ ಜುಲೈ 7ರಂದು ಹುಡುಗ ತೀರಿಕೊಂಡ. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ. ಇಂದು ಆಂಟಿಬಯಾಟಿಕ್ ಇದೆ; ಆದರೆ ಸಮಯಕ್ಕೆ ಸರಿಯಾಗಿ ಬಂದವರಿಗೆ ಮಾತ್ರ ಅದು ಕೆಲಸ ಮಾಡುತ್ತದೆ.

ಯಜಮಾನರ ಬೆರಳು ಉಳಿಯಿತು. ಅದಕ್ಕೆ ಎರಡೂವರೆ ತಿಂಗಳು ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಬೇಕಾಯಿತು, ಇನ್ಸುಲಿನ್ ಶುರುವಾಯಿತು. ಈಗ ರಾತ್ರಿ ಊಟವಾದ ಮೇಲೆ ಅವರು ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ, ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳುತ್ತಾರೆ. ಅವರ ಕಣ್ಣು ಮಂಜಾಗಿರುವುದರಿಂದ ಹೆಂಡತಿ ಇನ್ನೊಮ್ಮೆ ಅಂಗೈಯಿಂದ ಎರಡೂ ಪಾದ ಮುಟ್ಟಿ, ಎಲ್ಲಾದರೂ ಹೆಚ್ಚು ಬಿಸಿ ಇದೆಯೇ ಎಂದು ನೋಡುತ್ತಾರೆ.