ನದಿಪಾತ್ರದ ಸಮೀಪ ನಿವೇಶನ ಅಥವಾ ವಿಲ್ಲಾ ಖರೀದಿ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಅರ್ಜಿದಾರರಿಗೆ ಮಾಹಿತಿ

ನಂದಿಬೆಟ್ಟದ ಸಾಲಿನಲ್ಲಿ ಉಗಮವಾಗುವ ಅರ್ಕಾವತಿ ನದಿಯು ದೊಡ್ಡಬಳ್ಳಾಪುರ ತಾಲ್ಲೂಕಿನ ಕೆರೆಗಳ ಮೂಲಕ ಹೆಸರಘಟ್ಟಕ್ಕೂ, ಅಲ್ಲಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೂ ಹರಿಯುತ್ತದೆ. ಶಿವಗಂಗೆಯ ಕಡೆಯಿಂದ ನೆಲಮಂಗಲ ತಾಲ್ಲೂಕಿನಲ್ಲಿ ಸಾಗುವ ಕುಮುದ್ವತಿಯು ಇದೇ ಜಲಾಶಯವನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿಯು ಹೊಸಕೋಟೆಯ ದೊಡ್ಡ ಕೆರೆಯ ಮಾರ್ಗವಾಗಿ ತಮಿಳುನಾಡಿನತ್ತ ಹೊರಡುತ್ತದೆ. 2008ರಲ್ಲಿ ದೇವನಹಳ್ಳಿ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭಗೊಂಡ ತರುವಾಯ ಈ ಭಾಗಗಳಲ್ಲಿ ಬೆಲೆಬಾಳುವ ವಿಲ್ಲಾ ಬಡಾವಣೆಗಳು ಹೆಚ್ಚಿದ್ದು, ನದಿ ಅಥವಾ ಕೆರೆಯ ನೋಟವನ್ನೇ ವಿಶೇಷ ಸೌಲಭ್ಯವೆಂದು ಪ್ರಕಟಿಸಲಾಗುತ್ತಿದೆ.

ಆದರೆ ಈ ನದಿಗಳು ವರ್ಷದ ಬಹುಭಾಗ ಹರಿಯುವುದಿಲ್ಲ. ಬೇಸಿಗೆಯಲ್ಲಿ ಸ್ಥಳ ವೀಕ್ಷಣೆಗೆ ಬರುವ ಖರೀದಿದಾರರಿಗೆ ಕಾಣುವುದು ಜಾಲಿ ಬೆಳೆದ ತಗ್ಗು ಮಾತ್ರ. ಆ ತಗ್ಗಿಗೆ ಮಣ್ಣು ತುಂಬಿ ಸಮತಟ್ಟು ಮಾಡಿದ ಬಳಿಕ ಅದು ಹಳ್ಳವಾಗಿತ್ತೆಂಬುದಕ್ಕೆ ಸ್ಥಳದಲ್ಲಿ ಯಾವ ಗುರುತೂ ಉಳಿಯುವುದಿಲ್ಲ. ದಾಖಲೆಯಲ್ಲಿ ಮಾತ್ರ ಉಳಿಯುತ್ತದೆ. ಆದುದರಿಂದ ದಾಖಲೆಯ ಪರಿಶೀಲನೆಯು ಸ್ಥಳ ವೀಕ್ಷಣೆಗಿಂತ ಮೊದಲು ನಡೆಯತಕ್ಕದ್ದು.

ಪಹಣಿಯ 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಎ’ ಖರಾಬು ಮತ್ತು ‘ಬಿ’ ಖರಾಬು ಎಂಬ ಎರಡು ನಮೂದುಗಳಿರುತ್ತವೆ. ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ ಪ್ರಕಾರ ‘ಎ’ ಖರಾಬು ಎಂದರೆ ಸಾಗುವಳಿಗೆ ಯೋಗ್ಯವಲ್ಲದ ಭಾಗ. ‘ಬಿ’ ಖರಾಬು ಎಂದರೆ ಹಳ್ಳ, ಕಾಲುವೆ, ದಾರಿ, ಸ್ಮಶಾನ ಮುಂತಾದ ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದ ಭಾಗ. ಇದು ಖಾತೆದಾರರ ಸರ್ವೆ ನಂಬರಿನೊಳಗೇ ಇದ್ದರೂ ಅವರ ಸ್ವತ್ತಲ್ಲ. ಅದನ್ನು ಮಾರುವ ಹಕ್ಕು ಅವರಿಗಿಲ್ಲ. ಉದಾಹರಣೆಗೆ, 3 ಎಕರೆ 20 ಗುಂಟೆ ಜಮೀನಿನಲ್ಲಿ 12 ಗುಂಟೆ ‘ಬಿ’ ಖರಾಬು ಇದ್ದಲ್ಲಿ ಮಾಲೀಕರಿಗೆ ಉಳಿಯುವುದು 3 ಎಕರೆ 8 ಗುಂಟೆ. ಒಂದು ಗುಂಟೆಗೆ 1,089 ಚದರಡಿಯಂತೆ ಆ 12 ಗುಂಟೆಯು 13,068 ಚದರಡಿಯಾಗುತ್ತದೆ. ಅಂದರೆ 30×40 ಅಳತೆಯ ಹತ್ತು ನಿವೇಶನಗಳು. ಹಳ್ಳದ ಮೇಲೆ ಬೀಳುವ ಆ ಹತ್ತು ನಿವೇಶನಗಳನ್ನು ಕೊಂಡ ಹತ್ತು ಕುಟುಂಬಗಳು ಒತ್ತುವರಿ ತೆರವಿನ ಸಂದರ್ಭದಲ್ಲಿ ಹಣ ಮತ್ತು ಮನೆ ಎರಡನ್ನೂ ಕಳೆದುಕೊಳ್ಳುವ ಸಂಭವವಿದೆ.

ಋಣಭಾರ ಪ್ರಮಾಣಪತ್ರದಲ್ಲಿ ಈ ವಿಷಯ ಕಾಣುವುದಿಲ್ಲ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಅದು ‘ಶೂನ್ಯ’ ಎಂದು ಬಂದ ಮಾತ್ರಕ್ಕೆ ಸ್ವತ್ತು ನಿರ್ದೋಷವೆಂದು ಭಾವಿಸುವುದು ಸರಿಯಲ್ಲ. ಪಹಣಿಯೊಂದಿಗೆ ಗ್ರಾಮ ನಕಾಶೆ ಮತ್ತು ಸರ್ವೆ ಟಿಪ್ಪಣಿಯನ್ನು ಪಡೆದು ಹಳ್ಳದ ಗೆರೆ ಎಲ್ಲಿ ಹಾದುಹೋಗಿದೆ ಎಂಬುದನ್ನು ನೋಡತಕ್ಕದ್ದು. ‘ದಿಶಾಂಕ್’ ಆ್ಯಪ್ ಮೂಲಕ, ನಿಂತಿರುವ ಸ್ಥಳದ ಸರ್ವೆ ನಂಬರನ್ನು ಮೊಬೈಲ್‌ನಲ್ಲಿಯೇ ತಿಳಿಯಬಹುದಾಗಿದೆ. ಗಡಿಯ ಬಗ್ಗೆ ಸಂದೇಹವಿದ್ದಲ್ಲಿ ಮಾರಾಟಗಾರರಿಂದಲೇ ಹದ್ದುಬಸ್ತಿಗೆ ಅರ್ಜಿ ಹಾಕಿಸಿ ಅಳತೆ ಮಾಡಿಸುವುದು ಕ್ಷೇಮ.

ನೀರಿನ ಮೂಲಗಳ ರಕ್ಷಣೆಗೂ ಪ್ರತ್ಯೇಕ ನಿರ್ಬಂಧಗಳಿವೆ. ಹೆಸರಘಟ್ಟದಿಂದ 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿಯಿಂದ 1933ರಲ್ಲಿ ಬೆಂಗಳೂರಿಗೆ ನೀರು ಪೂರೈಕೆ ಆರಂಭವಾಗಿತ್ತು. ತಿಪ್ಪಗೊಂಡನಹಳ್ಳಿ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ, ನದಿಗಳ ಇಕ್ಕೆಲಗಳಲ್ಲಿ ಕಟ್ಟಡ ಹಾಗೂ ಕೈಗಾರಿಕೆಗಳನ್ನು ನಿಯಂತ್ರಿಸುವ ಅಧಿಸೂಚನೆಯನ್ನು ಸರ್ಕಾರವು 2003ರಲ್ಲಿ ಹೊರಡಿಸಿದ್ದು, ತದನಂತರ ಅದರಲ್ಲಿ ಮಾರ್ಪಾಡುಗಳಾಗಿವೆ. ನಿವೇಶನವು ಯಾವ ವಲಯದಲ್ಲಿದೆ ಮತ್ತು ಎಷ್ಟು ಅಂತರ ಬಿಡಬೇಕು ಎಂಬುದನ್ನು ಸಂಬಂಧಪಟ್ಟ ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಪಡೆಯತಕ್ಕದ್ದು. ಮಧ್ಯವರ್ತಿಗಳ ಬಾಯಿಮಾತು ಇದಕ್ಕೆ ಸಾಲದು.

ಕೃಷಿ ಜಮೀನಾಗಿದ್ದಲ್ಲಿ ಭೂ ಕಂದಾಯ ಅಧಿನಿಯಮ, 1964ರ ಕಲಂ 95ರನ್ವಯ ಭೂ ಪರಿವರ್ತನೆ, ಬಳಿಕ ಬಡಾವಣೆ ನಕ್ಷೆಗೆ ಪ್ರಾಧಿಕಾರದ ಅನುಮೋದನೆ ಅಗತ್ಯ. ಜಮೀನು ಹಿಂದೆ ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಮಂಜೂರಾದದ್ದೇ ಎಂಬುದನ್ನು ಮೂಲ ಮಂಜೂರಾತಿ ಕಡತದಿಂದ ತಿಳಿಯಬೇಕು. ಅಂತಹ ಜಮೀನಿನ ಕಾನೂನುಬಾಹಿರ ಪರಭಾರೆಯನ್ನು 1978ರ ಅಧಿನಿಯಮವು ಅನೂರ್ಜಿತಗೊಳಿಸುತ್ತದೆ. 2023ರ ತಿದ್ದುಪಡಿಯು, ಜಮೀನಿನ ಮರುಸ್ಥಾಪನೆಗೆ ಅರ್ಜಿ ಸಲ್ಲಿಸಲು ಕಾಲಮಿತಿ ಇಲ್ಲವೆಂದು ಹೇಳುತ್ತದೆ.

500 ಚದರ ಮೀಟರಿಗೆ ಮೀರಿದ ಬಡಾವಣೆ ಯೋಜನೆಗಳು 2016ರ ರೇರಾ ಕಾಯ್ದೆಯನ್ವಯ ನೋಂದಣಿಯಾಗಿರಬೇಕು. ನೋಂದಾಯಿತ ಮಾರಾಟ ಕರಾರು ಇಲ್ಲದೆ ಪ್ರವರ್ತಕರು ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಈ ಒಂದು ನಿಯಮವನ್ನು ಖರೀದಿದಾರರೇ ಪಾಲಿಸಿದಲ್ಲಿ ಹಲವು ತಕರಾರುಗಳು ಹುಟ್ಟುವುದೇ ಇಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ನಿವೇಶನಕ್ಕೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11, ಪಟ್ಟಣ ವ್ಯಾಪ್ತಿಯಲ್ಲಿ ಇ-ಖಾತೆ ಇರತಕ್ಕದ್ದು. ಕ್ರಯಪತ್ರದ ನೋಂದಣಿಗೆ ಕಾವೇರಿ 2.0 ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ.

ಕುಡಿಯುವ ನೀರಿನ ವಿಚಾರ ಬೇರೆಯದೇ. ನದಿ ಪಕ್ಕದಲ್ಲಿದ್ದರೂ ಜಿಲ್ಲೆಯಲ್ಲಿ ಅಂತರ್ಜಲವನ್ನು ಅತಿಯಾಗಿ ಬಳಸಲಾಗಿದ್ದು, ಕೊಳವೆಬಾವಿಯೇ ಬಹುತೇಕ ಬಡಾವಣೆಗಳ ಆಧಾರ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಡಿ ಕೆಲವು ಕೆರೆಗಳಿಗೆ ಹರಿಸುವುದು ಸಂಸ್ಕರಿಸಿದ ತ್ಯಾಜ್ಯ ನೀರು. ಅದು ಅಂತರ್ಜಲ ಮರುಪೂರಣಕ್ಕಾಗಿಯೇ ಹೊರತು ಕುಡಿಯಲು ಅಲ್ಲ. ಕೊಳವೆಬಾವಿಯ ನೀರನ್ನು ಪರೀಕ್ಷಿಸಿದ ವರದಿಯನ್ನು ಕರಾರಿಗೆ ಮುನ್ನವೇ ಕೇಳಿ ಪಡೆಯಬೇಕು.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಐಷಾರಾಮಿ ವಿಲ್ಲಾಗಳ ನಿವಾಸಿಗಳನ್ನು ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ಕರೆತರಬೇಕಾಯಿತು. ಸಾಧ್ಯವಿದ್ದವರು ಒಂದು ಮಳೆಗಾಲ ಕಳೆಯುವವರೆಗೆ ಕಾದು, ಜೋರು ಮಳೆಯ ಮರುದಿನ ಸ್ಥಳವನ್ನು ನೋಡಿ, ಊರಿನ ಹಿರಿಯರಲ್ಲಿ ನೀರು ಎಲ್ಲಿಯವರೆಗೆ ಬರುತ್ತಿತ್ತು ಎಂದು ವಿಚಾರಿಸುವುದು ಒಳಿತು. ಪಹಣಿ ಮತ್ತು ಸರ್ವೆ ದಾಖಲೆಗಳ ಪ್ರತಿಗಾಗಿ ಆಯಾ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರ ಹಾಗೂ ಭೂಮಾಪನ ಶಾಖೆಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸುವುದು.