ನಡುಗದ ಪಾರ್ಕಿನ್ಸನ್

ಸಹಿ ಹೊಂದುತ್ತಿಲ್ಲವೆಂದು ಬ್ಯಾಂಕಿನಿಂದ ಚೆಕ್ ವಾಪಸ್ ಬಂದರೆ ಯಾರೂ ನರರೋಗ ತಜ್ಞರ ಹತ್ತಿರ ಹೋಗುವುದಿಲ್ಲ. ಹೊಸದಾಗಿ ಮಾದರಿ ಸಹಿ ಹಾಕಿಕೊಟ್ಟು ಬರುತ್ತಾರೆ, ಅಷ್ಟೆ. ಹಳೆಯ ಸಹಿಯ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿದರೆ ಮಾತ್ರ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಮೊದಲ ಅಕ್ಷರ ಹೆಚ್ಚುಕಡಿಮೆ ಮುಂಚಿನ ಗಾತ್ರದಲ್ಲೇ ಇದೆ. ಮುಂದೆ ಹೋದಂತೆ ಅಕ್ಷರಗಳು ಕುಗ್ಗಿ, ಒಂದಕ್ಕೊಂದು ಅಂಟಿಕೊಂಡು, ಕೊನೆಯಲ್ಲಿ ಬರೀ ಗೀಟು ಉಳಿದಿದೆ. ಪಾರ್ಕಿನ್ಸನ್ ಕಾಯಿಲೆ ಕೆಲವರಲ್ಲಿ ಹೀಗೆ, ಕೈ ನಡುಗುವುದಕ್ಕೂ ಮೊದಲೇ, ಕಾಗದದ ಮೇಲೆ ಬಂದು ಕೂತಿರುತ್ತದೆ.

ನಮ್ಮಲ್ಲಿ ಪಾರ್ಕಿನ್ಸನ್ ಎಂದರೆ ಕೈ ನಡುಗುವ ಕಾಯಿಲೆ ಎಂದೇ ಲೆಕ್ಕ. ಹಾಗಾಗಿ ಕೈ ನಡುಗುವವರೆಲ್ಲ ಸುಮ್ಮನೆ ಹೆದರುತ್ತಾರೆ. ನಡುಗದವರು ಭುಜನೋವಿಗೆ ಮೂಳೆ ಡಾಕ್ಟರು, ಸುಸ್ತಿಗೆ ಟಾನಿಕ್, ಬಿಗಿತಕ್ಕೆ ಎಣ್ಣೆ ಎಂದು ವರ್ಷಗಟ್ಟಲೆ ಅಲೆಯುತ್ತಾರೆ. ಹತ್ತು ರೋಗಿಗಳಲ್ಲಿ ಎರಡು ಮೂರು ಮಂದಿಗೆ ಆರಂಭದಲ್ಲಿ ನಡುಕವೇ ಇರುವುದಿಲ್ಲ. ತಜ್ಞರು ಮೊದಲು ಹುಡುಕುವುದು ಚಲನೆಯ ನಿಧಾನವನ್ನು. ಅದರ ಜೊತೆಗೆ ನಡುಕವೋ ಮೈಬಿಗಿತವೋ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಈ ನಿಧಾನ ಮುಪ್ಪಿನ ನಿಧಾನದಂಥದ್ದಲ್ಲ. ಹೆಬ್ಬೆರಳಿಗೆ ತೋರುಬೆರಳನ್ನು ಅಗಲವಾಗಿ, ಬೇಗ ಬೇಗ ತಟ್ಟುವಂತೆ ಡಾಕ್ಟರು ಹೇಳುತ್ತಾರೆ. ಮೊದಲ ನಾಲ್ಕೈದು ಸಲ ಬೆರಳು ಚೆನ್ನಾಗಿಯೇ ತೆರೆಯುತ್ತದೆ. ಆಮೇಲೆ ಅಂತರ ಕಿರಿದಾಗುತ್ತ ಬರುತ್ತದೆ, ನಡುವೆ ಒಮ್ಮೆ ತಡೆದು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಸಹಿಯಲ್ಲಿ ಆದದ್ದೂ ಇದೇ. ಸಾಮಾನ್ಯವಾಗಿ ಒಂದು ಕೈಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ನಾವು ಯೋಚಿಸದೆಯೇ ನಡೆಯುವ ಕೆಲಸಗಳೆಲ್ಲ ಹೀಗೆ ಕುಗ್ಗುತ್ತವೆ. ನಡೆಯುವಾಗ ಒಂದು ತೋಳು ಬೀಸುವುದಿಲ್ಲ. ರೆಪ್ಪೆ ಬಡಿಯುವುದು ಕಡಿಮೆಯಾಗಿ, ಮುಖದಲ್ಲಿ ಭಾವ ಕಾಣದೆ, ಯಾವಾಗಲೂ ಸಿಟ್ಟಿನಲ್ಲಿದ್ದಾರೆ ಎಂದು ಮನೆಯವರು ತಿಳಿಯುತ್ತಾರೆ. ದನಿ ತಗ್ಗಿದ್ದು ಸ್ವತಃ ರೋಗಿಗೇ ಗೊತ್ತಾಗುವುದಿಲ್ಲ. ತಾನು ಸರಿಯಾಗಿಯೇ ಮಾತಾಡುತ್ತಿದ್ದೇನೆ, ಹೆಂಡತಿಗೇ ಕಿವಿ ಮಂದವಾಗಿದೆ ಎಂದು ಅವರ ವಾದ. ಎಷ್ಟೋ ಮನೆಗಳಲ್ಲಿ ಕಿವಿ ಪರೀಕ್ಷೆ ಆಗುವುದು ಹೆಂಡತಿಗೇ!

ಇದನ್ನೆಲ್ಲ ದೂರದಿಂದ ನೋಡಿಯೇ ಹಿಡಿಯಬಹುದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ಇದ್ದದ್ದು ಆರೇ ರೋಗಿಗಳು. ಅವರಲ್ಲಿ ಕೆಲವರನ್ನು ಆತ ಕಂಡಿದ್ದು ಬೀದಿಯಲ್ಲಿ. ಇವತ್ತಿಗೂ ಕಾಯಿಲೆಯನ್ನು ಗುರುತಿಸುವುದು ಮುಖ್ಯವಾಗಿ ಕಣ್ಣಿನಿಂದ, ಕೈಯಿಂದ. ಎಂಆರ್‌ಐ ಸ್ಕ್ಯಾನ್ ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿಪಡಿಸಿಕೊಳ್ಳಲು. ‘ಸ್ಕ್ಯಾನ್ ನಾರ್ಮಲ್ ಬಂತು, ಏನೂ ಇಲ್ಲ’ ಎಂದು ಸಮಾಧಾನಪಟ್ಟುಕೊಂಡರೆ ಮೋಸಹೋದಂತೆ.

ಇನ್ನು ನಡುಕದ ವಿಚಾರ. ಟಿವಿ ನೋಡುತ್ತ ಕೂತಾಗ ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ ನಡುಗಿ, ಕಾಫಿ ಲೋಟಕ್ಕೆ ಕೈ ಚಾಚಿದ ಕೂಡಲೇ ನಡುಕ ತಗ್ಗಿದರೆ ಅದು ಪಾರ್ಕಿನ್ಸನ್ ಬಗೆಯದು. ಸುಮ್ಮನಿದ್ದಾಗ ಸರಿಯಾಗಿದ್ದು, ಲೋಟ ಎತ್ತಿದಾಗ ಎರಡೂ ಕೈ ನಡುಗಿ ಕಾಫಿ ಚೆಲ್ಲಿದರೆ ಬಹುತೇಕ ಅದು ಬೇರೆಯೇ ತೊಂದರೆ. ಅದರ ಹೆಸರು ಎಸೆನ್ಷಿಯಲ್ ಟ್ರೆಮರ್. ಎಷ್ಟೋ ಸಲ ಅಪ್ಪನಿಗೋ ಅಜ್ಜಿಗೋ ಇದ್ದದ್ದು ಮಕ್ಕಳಿಗೂ ಬಂದಿರುತ್ತದೆ, ಔಷಧವೂ ಬೇರೆ.

ಮೂಲ ದೋಷ ಇರುವುದು ನಡುಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಪಟ್ಟಿಯಲ್ಲಿ. ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಅಲ್ಲಿನ ಕೋಶಗಳು ಸಾಯುತ್ತ ಹೋಗುತ್ತವೆ. ಕೈಕಾಲಿನಲ್ಲಿ ಲಕ್ಷಣ ಕಾಣುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಹೋಗಿಬಿಟ್ಟಿರುತ್ತವೆ. ಅದಕ್ಕೂ ಹಲವು ವರ್ಷ ಮೊದಲೇ ವಾಸನೆ ಮಂದವಾಗುವುದು, ಮಲಬದ್ಧತೆ, ಕನಸಿನಲ್ಲಿ ನಡೆಯುತ್ತಿರುವ ಜಗಳವನ್ನು ಹಾಸಿಗೆಯಲ್ಲೇ ಕೂಗಿ, ಒದ್ದು ಆಡಿ ತೋರಿಸುವುದು ಶುರುವಾಗಿರಬಹುದು. ಬರೀ ಮಲಬದ್ಧತೆಗೆ ಯಾರೂ ಗಾಬರಿಯಾಗಬೇಕಿಲ್ಲ. ಕನಸಿನ ಒದೆತವನ್ನು ಮಾತ್ರ ಡಾಕ್ಟರಿಗೆ ಹೇಳಲೇಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಪಾರ್ಕಿನ್ಸನ್ನಿನಂತೆಯೇ ಕಾಣುವ ಸ್ಥಿತಿಯನ್ನು ಕೆಲವು ಮಾತ್ರೆಗಳೇ ತಂದೊಡ್ಡುತ್ತವೆ. ತಲೆಸುತ್ತಿಗೆ ಕೊಡುವ ಸಿನಾರಿಜಿನ್, ಅರೆತಲೆನೋವಿಗೆ ಕೊಡುವ ಫ್ಲುನಾರಿಜಿನ್, ವಾಂತಿಗೆ ಮೆಟೊಕ್ಲೋಪ್ರಮೈಡ್, ‘ಗ್ಯಾಸ್’ ಎಂದವರಿಗೆಲ್ಲ ಧಾರಾಳವಾಗಿ ಸಿಗುವ ಲಿವೋಸಲ್ಪಿರೈಡ್, ಮನೋರೋಗದ ಹಲವು ಔಷಧಗಳು, ಎಲ್ಲವೂ ಡೋಪಮಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಮೆಡಿಕಲ್ ಷಾಪಿನ ಹಳೇ ಚೀಟಿ ತೋರಿಸಿ ಇವನ್ನು ತಿಂಗಳುಗಟ್ಟಲೆ ನುಂಗುವ ವಯಸ್ಸಾದವರು ನಮ್ಮಲ್ಲಿ ಕಡಿಮೆಯಿಲ್ಲ. ಡಾಕ್ಟರ ಸಲಹೆಯಂತೆ ಬಿಟ್ಟರೆ ಹೆಚ್ಚಿನವರು ಕೆಲವು ವಾರ, ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ಮೊದಲ ಭೇಟಿಗೆ ಮನೆಯಲ್ಲಿರುವ ಮಾತ್ರೆಗಳ ಚೀಲವನ್ನೇ ಎತ್ತಿಕೊಂಡು ಹೋಗುವುದು ಒಳ್ಳೆಯದು.

ಕಾಯಿಲೆಯನ್ನು ಬುಡಸಮೇತ ಕೀಳುವ ಔಷಧ ಇನ್ನೂ ಇಲ್ಲ. ಲಕ್ಷಣ ತಗ್ಗಿಸುವುದರಲ್ಲಿ, ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲಿವೋಡೋಪಾವನ್ನು ಮೀರಿಸಿದ್ದೂ ಇಲ್ಲ. ಜಾರ್ಜ್ ಕೊಟ್ಜಿಯಾಸ್ 1967ರಲ್ಲಿ ಅಮೆರಿಕದಲ್ಲಿ ಅದನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ದೊಡ್ಡ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟಾಗ ರೋಗಿಗಳಲ್ಲಿ ಗಣನೀಯ ಸುಧಾರಣೆ ಕಂಡಿತು. ಅದಕ್ಕೂ ಮೂವತ್ತು ವರ್ಷ ಮುಂಚೆ, 1937ರಲ್ಲಿ, ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಇದೇ ವಸ್ತುವನ್ನು ನಮ್ಮ ಬೇಲಿಯ ನಸುಗುನ್ನಿ ಬೀಜದಿಂದ ಬೇರ್ಪಡಿಸಿದ್ದರು. ಸೋಂಕಿದರೆ ಮೈಯೆಲ್ಲ ತುರಿಸುವ ಅದೇ ಬಳ್ಳಿ. ಹಾಗೆಂದು ಅಂಗಡಿಯ ಪುಡಿ ತಂದು ಮಾತ್ರೆಯ ಜೊತೆ ಸೇರಿಸಿಕೊಳ್ಳುವುದು ಜಾಣತನವಲ್ಲ. ಪುಡಿಯಲ್ಲಿ ಲಿವೋಡೋಪಾ ಎಷ್ಟಿದೆ ಎಂಬ ಅಳತೆ ಸಿಗುವುದಿಲ್ಲ. ಲಿವೋಡೋಪಾ ಮಿದುಳು ತಲುಪುವ ಮೊದಲೇ ಮೈಯಲ್ಲಿ ವ್ಯಯವಾಗದಂತೆ ತಡೆಯುವ ಕಾರ್ಬಿಡೋಪಾ ಅದರಲ್ಲಿಲ್ಲ. ಮಾತ್ರೆಯಲ್ಲಿ ಎರಡೂ ಕೂಡಿಯೇ ಇರುತ್ತವೆ.

ಈ ಮಾತ್ರೆಯ ಗುಟ್ಟೆಲ್ಲ ಹೊತ್ತಿನಲ್ಲಿದೆ. ಪ್ರೋಟೀನ್ ಜೀರ್ಣವಾಗಿ ಬರುವ ಅಮೈನೋ ಆಮ್ಲಗಳು ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಲಿವೋಡೋಪಾ ಜೊತೆ ಪೈಪೋಟಿಗೆ ನಿಲ್ಲುತ್ತವೆ. ಮುದ್ದೆಯ ಜೊತೆ ಕಾಳುಸಾರು, ಮೇಲೆ ಗಟ್ಟಿ ಮೊಸರು ಉಂಡ ಹಿಂದೆಯೇ ಮಾತ್ರೆ ನುಂಗಿ, ಆಮೇಲೆ ‘ಮಧ್ಯಾಹ್ನದ ಗುಳಿಗೆ ಹತ್ತುವುದೇ ಇಲ್ಲ’ ಎನ್ನುವವರು ಬಹಳ. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನೀರಿನಲ್ಲಿ ನುಂಗಿದರೆ ಎಷ್ಟೋ ವಾಸಿ. ಕಬ್ಬಿಣಾಂಶದ ಮಾತ್ರೆಯನ್ನೂ ದೂರವಿಡಬೇಕು. ಮೊದಮೊದಲು ಹೊಟ್ಟೆ ತೊಳಸಿದರೆ ಎರಡು ಬಿಸ್ಕತ್ತು ತಿಂದು ತೆಗೆದುಕೊಳ್ಳಬಹುದು. ಹೆದರಿ ಕಾಳು, ಬೇಳೆ ಬಿಡಬಾರದು, ಸ್ನಾಯು ಸೊರಗುತ್ತದೆ. ಬೇಕಿದ್ದರೆ ಅದರ ಪಾಲನ್ನು ರಾತ್ರಿಯೂಟಕ್ಕೆ ಜಾಸ್ತಿ ಮಾಡಿದರಾಯಿತು.

ಕೆಲವು ವರ್ಷಗಳ ಮೇಲೆ ಮಾತ್ರೆಯ ಪರಿಣಾಮ ಮುಂದಿನ ಡೋಸಿಗೆ ಮುಂಚೆಯೇ ಇಳಿಯತೊಡಗುತ್ತದೆ. ಎಷ್ಟು ಗಂಟೆಗೆ ನುಂಗಿದೆ, ಯಾವಾಗ ಕೈಕಾಲು ಸಡಿಲವಾಯಿತು, ಯಾವಾಗ ಮತ್ತೆ ಕಟ್ಟಿಹಾಕಿದಂತಾಯಿತು, ಯಾವಾಗ ಮೈ ತಾನಾಗಿ ಹೊಯ್ದಾಡಿತು ಎಂದು ಬರೆದಿಟ್ಟ ಒಂದು ವಾರದ ಹಾಳೆ ಡಾಕ್ಟರಿಗೆ ಇನ್ನೊಂದು ಸ್ಕ್ಯಾನಿಗಿಂತ ಹೆಚ್ಚು ಉಪಯೋಗ. ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಬೇರೆ ಪಾರ್ಕಿನ್ಸನ್ ಔಷಧ ಸೇರಿಸಿದ ಮೇಲೆ ಮನೆಯ ಹಿರಿಯರಿಗೆ ಇದ್ದಕ್ಕಿದ್ದಂತೆ ಇಸ್ಪೀಟಿನ, ಖರೀದಿಯ ಹುಚ್ಚು ಹತ್ತಿದರೆ ಅದನ್ನೂ ಆ ಹಾಳೆಯಲ್ಲಿ ಸಂಕೋಚವಿಲ್ಲದೆ ಬರೆಯಿರಿ. ಅದು ಔಷಧದ ಅಡ್ಡಪರಿಣಾಮ ಇರಬಹುದು.

ಬಾಗಿಲ ಬಳಿ ಬಂದು ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವುದು ಮಾತ್ರೆಗೂ ಅಷ್ಟಾಗಿ ಬಗ್ಗದ ತೊಂದರೆ. ಆಗ ಕೈ ಹಿಡಿದು ಎಳೆದರೆ ಮೇಲ್ಭಾಗ ಮುಂದೆ ಬಂದು ಕಾಲು ಅಲ್ಲೇ ಉಳಿದು ಬೀಳುತ್ತಾರೆ. ಎಳೆಯುವ ಬದಲು ಅವರ ಕಾಲ ಮುಂದೆ ನಿಮ್ಮ ಪಾದವನ್ನು ಅಡ್ಡ ಇಟ್ಟು ‘ಇದನ್ನು ದಾಟಿ’ ಎನ್ನಿ. ಅಥವಾ ‘ಒಂದು, ಎರಡು’ ಎಂದು ಎಣಿಸಿ. ತಾನಾಗಿ ಬಾರದ ಹೆಜ್ಜೆ ಗುರಿ ಸಿಕ್ಕಾಗ ಬರುತ್ತದೆ. ಆ ಜಾಗದಲ್ಲಿ ನೆಲಕ್ಕೆ ಬಣ್ಣದ ಟೇಪಿನ ಅಡ್ಡಪಟ್ಟಿಗಳನ್ನು ಹೆಜ್ಜೆಯ ಅಂತರದಲ್ಲಿ ಅಂಟಿಸಿಟ್ಟರೆ ಪ್ರತಿಸಲ ಯಾರೂ ಪಕ್ಕದಲ್ಲಿ ನಿಲ್ಲಬೇಕಾಗುವುದಿಲ್ಲ.