ಬಯಕೆಗೆ ಎಲ್ಲೆ, ಬಾಳಿಗೆ ನೆಮ್ಮದಿ

ಸುಖ ಬೇಡವೆನ್ನುವ ಜೀವಿ ಲೋಕದಲ್ಲಿ ಇಲ್ಲ. ಇರುವೆಯಿಂದ ಅರಸನವರೆಗೆ ಎಲ್ಲರ ಓಟವೂ ಅದರ ಕಡೆಗೇ. ಆದರೆ ಸುಖವು ಪಡೆಯುವುದರಲ್ಲಿದೆಯೋ ಬಿಡುವುದರಲ್ಲಿದೆಯೋ ಎಂಬ ಪ್ರಶ್ನೆ ಮನುಷ್ಯನನ್ನು ಬಹುಕಾಲದಿಂದ ಕಾಡುತ್ತ ಬಂದಿದೆ. ಭಾರತದಲ್ಲಿ ತೀರ್ಥಂಕರರು ಅಪರಿಗ್ರಹವನ್ನು ಬೋಧಿಸಿದರು. ದೂರದ ಗ್ರೀಸ್ ದೇಶದ ಚಿಂತಕರೂ ಇದೇ ಪ್ರಶ್ನೆಗೆ ತಮ್ಮದೇ ರೀತಿಯಲ್ಲಿ ಉತ್ತರ ಹುಡುಕಿದರು.

ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಮರಣ ಹೊಂದಿದ ಮೇಲೆ ಅವನ ಸೇನಾಪತಿಗಳು ಸಾಮ್ರಾಜ್ಯಕ್ಕಾಗಿ ಕಾದಾಡತೊಡಗಿದರು. ಅಥೆನ್ಸಿನಂತಹ ನಗರಗಳು ತಮ್ಮ ಹಳೆಯ ಸ್ವಾತಂತ್ರ್ಯವನ್ನು ಕಳೆದುಕೊಂಡವು. ನಾಳೆ ಏನಾಗುವುದೋ ತಿಳಿಯದ ಆ ಕಾಲದಲ್ಲಿ ತತ್ತ್ವಚಿಂತನೆಯು ಪಂಡಿತರ ವಾದವಾಗಿ ಮಾತ್ರ ಉಳಿಯದೆ ಬಾಳಿನ ಔಷಧವಾಯಿತು. ಸಾರ್ಥಕವಾದ, ತುಂಬು ಬಾಳನ್ನು ಗ್ರೀಕರು ‘ಯೂಡೈಮೋನಿಯಾ’ ಎಂದು ಕರೆದರು. ಗುರಿ ಒಂದೇ, ದಾರಿಗಳು ಹಲವು.

ಅವುಗಳಲ್ಲಿ ಅತ್ಯಂತ ಕಠಿಣವಾದುದು ಸಿನಿಕರ ದಾರಿ. ಈ ಪಂಥದ ಪ್ರಸಿದ್ಧ ಪುರುಷ ಡಯೋಜಿನೀಸ್, ಕಪ್ಪು ಸಮುದ್ರದ ದಡದ ಸಿನೋಪೆ ನಗರದಲ್ಲಿ ಹುಟ್ಟಿದವನು. ಅಥೆನ್ಸಿನಲ್ಲಿ ದೊಡ್ಡದೊಂದು ಮಣ್ಣಿನ ಹರವಿಯೇ ಅವನ ಮನೆಯಾಗಿತ್ತೆಂದು ಪ್ರತೀತಿ. ಬಾಲಕನೊಬ್ಬನು ಬೊಗಸೆಯಲ್ಲಿ ನೀರು ಕುಡಿಯುವುದನ್ನು ಕಂಡು, ತನ್ನಲ್ಲಿದ್ದ ಬಟ್ಟಲೂ ಹೆಚ್ಚಿನದೆಂದು ಅವನು ಅದನ್ನು ಎಸೆದನಂತೆ. ಏನು ಬೇಕೆಂದು ಅಲೆಕ್ಸಾಂಡರನೇ ಬಂದು ಕೇಳಿದಾಗ, ಬಿಸಿಲಿಗೆ ಅಡ್ಡವಾಗಿರುವುದನ್ನು ಬಿಟ್ಟು ಸರಿದರೆ ಸಾಕೆಂದನಂತೆ. ಕೊಡಬಲ್ಲವನ ಎದುರು ಬೇಡುವುದಕ್ಕೇನೂ ಇಲ್ಲದವನು ಕುಳಿತಿರುವಾಗ, ಅವರಿಬ್ಬರಲ್ಲಿ ಅರಸನು ಯಾರು?

ಎಲ್ಲರೂ ಹರವಿಯಲ್ಲಿ ಬಾಳಲಾರರು. ಗೃಹಸ್ಥನಿಗೆ ಹತ್ತಿರವಾಗುವ ವಿವೇಕವನ್ನು ನೀಡಿದವನು ಎಪಿಕ್ಯೂರಸ್ (ಕ್ರಿ.ಪೂ. 341–270). ಸುಖವೇ ಬಾಳಿನ ಗುರಿ ಎಂದುದರಿಂದ ಅವನಿಗೆ ಭೋಗವಾದಿ ಎಂಬ ಅಪವಾದ ಅಂಟಿಕೊಂಡಿತು. ಆದರೆ ಅಥೆನ್ಸಿನ ಅವನ ‘ತೋಟ’ದಲ್ಲಿ ನಡೆದ ಬದುಕು ರೊಟ್ಟಿ ಮತ್ತು ನೀರಿನ ಸರಳ ಬದುಕು. ಸ್ತ್ರೀಯರಿಗೂ ದಾಸರಿಗೂ ಅಲ್ಲಿ ಪ್ರವೇಶವಿತ್ತು. ತನಗೆ ಹಬ್ಬದೂಟ ಬೇಕೆನಿಸಿದಾಗ ಅವನು ಗೆಳೆಯನಿಂದ ಕೇಳಿದ್ದು ಸ್ವಲ್ಪ ಗಿಣ್ಣನ್ನು ಮಾತ್ರ.

ಬಯಕೆಗಳನ್ನು ಅವನು ಮೂರಾಗಿ ವಿಂಗಡಿಸಿದನು. ಹಸಿವಿಗೆ ಅನ್ನ, ಚಳಿಗೆ ಬಟ್ಟೆ ಇವು ಸಹಜವೂ ಹೌದು, ಅವಶ್ಯವೂ ಹೌದು. ರುಚಿರುಚಿಯಾದ ಭಕ್ಷ್ಯಗಳ ಆಸೆ ಸಹಜವಾದರೂ ಅವಶ್ಯವಲ್ಲ. ಕೀರ್ತಿ, ಅಧಿಕಾರ, ಕೊನೆಯಿಲ್ಲದ ಸಂಪತ್ತು ಇವುಗಳ ಹಂಬಲ ಸಹಜವೂ ಅಲ್ಲ, ಅವಶ್ಯವೂ ಅಲ್ಲ. ಮೊದಲನೆಯವು ಅಲ್ಪದರಲ್ಲೇ ತೀರುತ್ತವೆ. ಕೊನೆಯವಕ್ಕೆ ತೀರುವಿಕೆಯೇ ಇಲ್ಲ. ಮೂತ್ರಕೋಶದ ಕಲ್ಲಿನ ತೀವ್ರ ನೋವಿನಲ್ಲಿ ಸಾಯುತ್ತಿದ್ದಾಗಲೂ ಅವನು ಗೆಳೆಯನಿಗೆ ಪತ್ರ ಬರೆದು, ಹಿಂದಿನ ಸಂಭಾಷಣೆಗಳ ನೆನಪಿನಿಂದ ಮನಸ್ಸು ಹರ್ಷದಲ್ಲಿದೆ ಎಂದು ತಿಳಿಸಿದನು.

ಸ್ಟೋಯಿಕ್ ಪಂಥವನ್ನು ಸ್ಥಾಪಿಸಿದ ಜೀನೋ ಸೈಪ್ರಸ್ ದ್ವೀಪದವನು. ಹಡಗು ಒಡೆದು ಸರಕನ್ನು ಕಳೆದುಕೊಂಡ ಮೇಲೆ ಅವನು ತತ್ತ್ವದತ್ತ ಹೊರಳಿದನೆಂದು ಪ್ರತೀತಿ. ಅಥೆನ್ಸಿನ ಚಿತ್ರಶೋಭಿತ ಕಂಬಸಾಲಿನಲ್ಲಿ, ಅಂದರೆ ‘ಸ್ಟೋವಾ’ದಲ್ಲಿ, ಬೋಧಿಸಿದ್ದರಿಂದ ಪಂಥಕ್ಕೆ ಆ ಹೆಸರು ಬಂತು. ಸದ್ಗುಣವೊಂದೇ ನಿಜವಾದ ಒಳಿತು. ಹಣ, ಆರೋಗ್ಯ, ಕೀರ್ತಿಗಳು ಬಂದರೂ ಹೋದರೂ ಆತ್ಮದ ಬೆಲೆ ಕುಗ್ಗದು ಎಂಬುದು ಅವರ ನಿಲುವು. ಮುಂದೆ ರೋಮ್ ಸಾಮ್ರಾಜ್ಯದಲ್ಲಿ ದಾಸನಾಗಿದ್ದ ಎಪಿಕ್ಟೀಟಸ್ ಕೂಡ, ಚಕ್ರವರ್ತಿಯಾಗಿದ್ದ ಮಾರ್ಕಸ್ ಆರೇಲಿಯಸ್ ಕೂಡ ಇದೇ ದಾರಿಯಲ್ಲಿ ನಡೆದರು. ನಮ್ಮ ವಶದಲ್ಲಿರುವುದು ನಮ್ಮ ಸಂಕಲ್ಪ, ನಮ್ಮ ವಿಚಾರ. ಉಳಿದುದರ ಚಿಂತೆ ವ್ಯರ್ಥ ಎಂಬುದು ಇಬ್ಬರಿಗೂ ಆಸರೆಯಾಯಿತು.

ಈ ಚಿಂತನೆಗೂ ಭಾರತಕ್ಕೂ ಒಂದು ನೇರ ಸಂಬಂಧವುಂಟು. ಅಲೆಕ್ಸಾಂಡರನ ಸೇನೆಯು ತಕ್ಷಶಿಲೆಗೆ ಬಂದಾಗ ಗ್ರೀಕರು ಬಯಲಿನಲ್ಲಿ ತಪಸ್ಸು ಮಾಡುವ ನಗ್ನ ಜ್ಞಾನಿಗಳನ್ನು ಕಂಡು ಬೆರಗಾದರು. ಅವರನ್ನು ಮಾತಾಡಿಸಲು ಕಳುಹಿಸಲ್ಪಟ್ಟವನು ಡಯೋಜಿನೀಸನ ಶಿಷ್ಯನಾದ ಒನೆಸಿಕ್ರಿಟಸ್. ಅವನು ತನ್ನ ದೇಶದ ತತ್ತ್ವಜ್ಞಾನಿಗಳ ವಿಚಾರ ಹೇಳಿದಾಗ, ಅಲ್ಲಿನ ಹಿರಿಯ ತಪಸ್ವಿಯು ಅವರನ್ನು ಮೆಚ್ಚಿಕೊಂಡೇ, ಪ್ರಕೃತಿಗಿಂತ ಲೋಕರೂಢಿಗೆ ಹೆಚ್ಚು ಬೆಲೆ ಕೊಟ್ಟದ್ದು ಅವರ ಕೊರತೆ ಎಂದನೆಂದು ಸ್ಟ್ರಾಬೋ ದಾಖಲಿಸಿದ್ದಾನೆ. ಆ ತಪಸ್ವಿಗಳನ್ನು ದಿಗಂಬರ ಮುನಿಗಳೆಂದೇ ಹೇಳಲು ಆಧಾರ ಸಾಲದು. ಆದರೂ ತ್ಯಾಗದ ಆ ದೃಶ್ಯ ಗ್ರೀಕರ ಮನಸ್ಸಿನಲ್ಲಿ ಅಚ್ಚೊತ್ತಿತು. ಅದೇ ಪಯಣದಲ್ಲಿದ್ದ ಪಿರೋ ಎಂಬವನು ಊರಿಗೆ ಮರಳಿ, ಯಾವ ಅಭಿಪ್ರಾಯಕ್ಕೂ ಹಟದಿಂದ ಅಂಟಿಕೊಳ್ಳದ ಮನಸ್ಸಿಗೇ ಶಾಂತಿ ಎಂದು ಬೋಧಿಸಿದನು. ಇಲ್ಲಿ ಅನೇಕಾಂತ ನೆನಪಾಗುವುದು ಸಹಜ. ಆದರೆ ಪಿರೋನ ಮಾರ್ಗ ನಿರ್ಣಯವನ್ನು ತಡೆಹಿಡಿಯುವುದು. ಅನೇಕಾಂತವು ಪ್ರತಿ ದೃಷ್ಟಿಯಲ್ಲಿರುವ ಸತ್ಯಾಂಶವನ್ನು ಒಪ್ಪುವುದು.

ವ್ಯತ್ಯಾಸಗಳು ಇನ್ನೂ ಇವೆ. ಎಪಿಕ್ಯೂರಸನ ಮತದಲ್ಲಿ ಆತ್ಮವು ದೇಹದೊಡನೆ ಚದುರಿಹೋಗುತ್ತದೆ; ಜೈನದರ್ಶನದಲ್ಲಿ ಅನಂತ ಸುಖವು ಆತ್ಮದ ಸ್ವಭಾವವೇ, ಕರ್ಮದ ಆವರಣ ಸರಿದಾಗ ಅದು ಪ್ರಕಟವಾಗುತ್ತದೆ. ಪ್ರಾಣಿಗಳಿರುವುದು ಮನುಷ್ಯನ ಉಪಯೋಗಕ್ಕೆ ಎಂಬುದು ಸ್ಟೋಯಿಕರ ಮತ. ಜಿನಧರ್ಮದಲ್ಲಿ ಪರರ ನೋವಿನ ಮೇಲೆ ಕಟ್ಟಿದ ಸುಖವು ಸುಖವೇ ಅಲ್ಲ.

ಆದರೂ ಒಂದು ಮಾತಿನಲ್ಲಿ ಎಲ್ಲರೂ ಸೇರುತ್ತಾರೆ: ಬಯಕೆ ಬೆಳೆದಷ್ಟೂ ಸುಖ ಹಿಂದೆ ಸರಿಯುತ್ತದೆ. ಇದನ್ನು ತಿಳಿಯುವುದು ಸುಲಭ, ಬಾಳುವುದು ಕಷ್ಟ. ಅಂಗಡಿಯ ಮುಂದೆ ನಿಂತಾಗ ಮನಸ್ಸು ಎಪಿಕ್ಯೂರಸನ ಮೂರನೆಯ ಬಗೆಯ ಬಯಕೆಯನ್ನು ಮೊದಲನೆಯದೆಂದು ವಾದಿಸಿ ಗೆಲ್ಲುತ್ತದೆ. ಆದ್ದರಿಂದಲೇ ಶ್ರಾವಕನಿಗೆ ಪರಿಗ್ರಹ ಪರಿಮಾಣ ವ್ರತವನ್ನು ವಿಧಿಸಲಾಗಿದೆ. ಹೊಲವೆಷ್ಟು, ಹೊನ್ನೆಷ್ಟು, ಧಾನ್ಯವೆಷ್ಟು ಎಂಬ ಎಲ್ಲೆಯನ್ನು ಆಸೆ ಏಳುವ ಮೊದಲೇ, ಮನಸ್ಸು ಶಾಂತವಾಗಿರುವಾಗಲೇ ಗೊತ್ತುಮಾಡಿಕೊಳ್ಳುವುದು ಅದರ ಮರ್ಮ. ವಿವೇಕವು ದಾರಿಯನ್ನು ತೋರಿಸುತ್ತದೆ; ವ್ರತವು ಆ ದಾರಿಯಲ್ಲಿ ಕಾಲು ಜಾರದಂತೆ ಹಿಡಿಯುತ್ತದೆ. ಇಂದು ಮನೆಯಲ್ಲಿರುವ ವಸ್ತುಗಳಲ್ಲಿ ಒಂದರದ್ದಾದರೂ ಲೆಕ್ಕ ಹಾಕಿ, ಇದಕ್ಕಿಂತ ಹೆಚ್ಚು ಬೇಡವೆಂದು ನಿಶ್ಚಯಿಸಿದವನು ನೆಮ್ಮದಿಯ ಮೊದಲ ಮೆಟ್ಟಿಲನ್ನು ಏರಿದಂತೆಯೇ.